ಮೀನಿನ ಹೊಟ್ಟೆಯಲ್ಲಿ ರಿಂಗಾದ ಮೊಬೈಲು

ಹಳೆಯ ನಾಟಕಗಳನ್ನು ಇಂದಿನ ಕಾಲಕ್ಕೆ ತರುತ್ತೇವೆ ಅಂತ ಹೊರಟ ನಿರ್ದೇಶಕರಿಗೆ, ಅದಕ್ಕೆ ದುಡ್ಡು ಮಂಜೂರು ಮಾಡುವ ಉತ್ಸವ ಸಮಿತಿಗಳ ಮಾನ್ಯ ಸದಸ್ಯರಿಗೆ,

ಬಳ್ಳಾರಿಯ ಒಬ್ಬ ಪ್ರಾಂಪ್ಟರ್ ಮಾಡುವ ನಮಸ್ಕಾರಗಳು.

ಪ್ರಾಂಪ್ಟರ್ ಅಂದರೆ ಯಾರು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಈಗ ಎಷ್ಟೋ ನಾಟಕಗಳಲ್ಲಿ ಮಾತು ಮೊದಲೇ ರೆಕಾರ್ಡ್ ಆಗಿರುತ್ತದೆ, ನಟರು ತುಟಿ ಆಡಿಸಿದರೆ ಸಾಕು. ನಮ್ಮಲ್ಲಿ ಹಾಗಿರಲಿಲ್ಲ. ರಂಗದ ಪಕ್ಕದಲ್ಲಿ, ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ಕುಳಿತು, ಮಾತು ಮರೆತವನಿಗೆ ಮೆಲ್ಲಗೆ ಎತ್ತಿಕೊಡಬೇಕು. ಜನರಿಗೆ ಕೇಳಬಾರದು, ಅವನಿಗೆ ಮಾತ್ರ ಕೇಳಬೇಕು. ಅವನು ಕುಡಿದು ಬಂದಿದ್ದರೆ ಅವನಿಗೂ ಕೇಳುವುದಿಲ್ಲ, ಅದು ಬೇರೆ ಮಾತು. ಬಳ್ಳಾರಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ಕಂಪ್ಲಿ ಕಡೆ, ಸಿರುಗುಪ್ಪ ಕಡೆ, ಜಾತ್ರೆಗೂ ಉಗಾದಿಗೂ ಆಡುವ ನಾಟಕಗಳಿಗೆ ನಾನು ವರ್ಷಗಟ್ಟಲೆ ಈ ಕೆಲಸ ಮಾಡಿದ್ದೇನೆ. ಕರಪತ್ರದಲ್ಲಿ ನನ್ನ ಹೆಸರು ಸೀನರಿಯವರ ಕೆಳಗೆ, ಶಾಮಿಯಾನದವರ ಮೇಲೆ ಬರುತ್ತಿತ್ತು. ಜಾಗ ಸಾಲದಿದ್ದರೆ ಬರುತ್ತಲೇ ಇರಲಿಲ್ಲ.

ಈ ಪತ್ರಕ್ಕೆ ಕಾರಣ, ಮೊನ್ನೆ ಒಂದು ಉತ್ಸವದಲ್ಲಿ ನೋಡಿದ ಶಾಕುಂತಲ. ಯಾವ ಉತ್ಸವ, ಯಾವ ತಂಡ ಅಂತ ಹೇಳುವುದಿಲ್ಲ. ಅವರೂ ಕಷ್ಟಪಟ್ಟಿದ್ದಾರೆ, ಬೆವರು ಸುರಿಸಿದ್ದಾರೆ. ಹಾಗಂತ ನಾವು ನೋಡಿದ್ದು ಸುಳ್ಳಾಗುವುದಿಲ್ಲ.

ಪರದೆ ಸರಿದಾಗ ಕಣ್ವಾಶ್ರಮದ ಜಾಗದಲ್ಲಿ ಒಂದು ರೆಸಾರ್ಟು. ಹಿಂದೆ ದೊಡ್ಡ ಎಲ್‌ಇಡಿ ಗೋಡೆ, ಅದರ ಮೇಲೆ ಜಿಂಕೆ ಓಡುತ್ತಿದೆ. ಓಡಿದ ಜಿಂಕೆಯೇ ಮತ್ತೆ ಮತ್ತೆ ಓಡುತ್ತಿದೆ. ದುಷ್ಯಂತ ಜೀಪಿನಲ್ಲಿ ಬಂದ. ಶಕುಂತಲೆ ರಿಸೆಪ್ಷನ್ನಿನಲ್ಲಿ ಕುಳಿತಿದ್ದಳು. ಇರಲಿ, ಇಷ್ಟರ ತನಕ ನಾನು ಸುಮ್ನೆ ಇದ್ದೆ. ಆಮೇಲೆ ದೂರ್ವಾಸ ಬಂದ, ಬೆನ್ನಿಗೆ ಊಟದ ಡಬ್ಬಿ ಕಟ್ಟಿಕೊಂಡು, ಸ್ಕೂಟರಿನಲ್ಲಿ. ಮನೆಮನೆಗೆ ಊಟ ತಲುಪಿಸುವ ಹುಡುಗ. ಎರಡು ಸಲ ಬೆಲ್ ಮಾಡಿದ. ಶಕುಂತಲೆ ದುಷ್ಯಂತನ ಫೋಟೊ ನೋಡುತ್ತಾ ಮೈಮರೆತಿದ್ದಳು, ಬಾಗಿಲು ತೆಗೆಯಲಿಲ್ಲ. ದೂರ್ವಾಸನಿಗೆ ಸಿಟ್ಟು ಬಂತು. "ನೀನು ಯಾರ ಗುಂಗಿನಲ್ಲಿ ನನ್ನನ್ನು ಕಾಯಿಸಿದೆಯೋ, ಅವನು ನಿನ್ನನ್ನು ಬ್ಲಾಕ್ ಮಾಡಲಿ!"

ನಗು ಬಂತು ಅಲ್ವಾ? ನನಗೂ ಬಂತು. ಆದರೆ ನಿರ್ದೇಶಕರು ನಗಿಸಲಿಕ್ಕೆ ಮಾಡಿರಲಿಲ್ಲ. ಹಿಂದೆ ಪಿಟೀಲು ಅಳುತ್ತಿತ್ತು.

ಉಂಗುರಕ್ಕೇನು ಮಾಡಿರಬಹುದು ಅಂತ ನನಗೆ ಕುತೂಹಲ. ಅದಕ್ಕೂ ದಾರಿ ಕಂಡುಕೊಂಡಿದ್ದರು. ಇಂಗ್ಲಿಷಿನಲ್ಲಿ ಉಂಗುರಕ್ಕೂ ರಿಂಗ್, ಫೋನ್ ಬಡಿದುಕೊಳ್ಳುವುದಕ್ಕೂ ರಿಂಗ್. ಸರಿ, ಉಂಗುರದ ಜಾಗದಲ್ಲಿ ಮೊಬೈಲು. ಅರಸ ಕೊಟ್ಟ ಮೊಬೈಲನ್ನು ಶಕುಂತಲೆ ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಬೀಳಿಸಿಕೊಂಡಳು. ಒಂದು ಮೀನು ನುಂಗಿತು. ಬೆಸ್ತ ಆ ಮೀನನ್ನು ಹಿಡಿದ. ಥರ್ಮೋಕೋಲಿನಲ್ಲಿ ಮಾಡಿದ, ಆರು ಅಡಿ ಉದ್ದದ ಮೀನು. ಅದನ್ನು ಹೆಗಲ ಮೇಲೆ ಹೊತ್ತು ಬರುವಾಗ ಅದರ ಹೊಟ್ಟೆಯೊಳಗಿಂದ ರಿಂಗ್‌ಟೋನ್ ಕೇಳಿಸಿತು. ರಂಗಮಂದಿರ ಪೂರ್ತಿ ತಮ್ಮ ತಮ್ಮ ಕಿಸೆ ಮುಟ್ಟಿ ನೋಡಿಕೊಂಡಿತು.

ನನ್ನ ಪಕ್ಕ ಒಬ್ಬ ಅಜ್ಜಿ ಕುಳಿತಿದ್ದರು, ಮೊಮ್ಮಗಳ ಡ್ಯಾನ್ಸ್ ನೋಡೋಕೆ ಬಂದವರು. ಅವರು ನನ್ನ ಕಡೆ ಬಾಗಿ ಕೇಳಿದರು: "ಅಲ್ಲೋ ತಮ್ಮಾ, ಅರಸನ ನಂಬರು ಆಕಿಗೆ ಬಾಯಾಗ ಇರಂಗಿಲ್ಲನು? ಬ್ಯಾರೆಯವ್ರ ಫೋನಿಂದ ಒಂದ್ ಫೋನ್ ಹಚ್ಚಿದ್ರ ಆಗ್ತಿತ್ತಲ್ಲ?"

ಮಾನ್ಯರೇ, ಎರಡು ಗಂಟೆಯ ನಾಟಕವನ್ನು ಆ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ನಾಟಕ ಮುಗಿದ ಮೇಲೆ ನಾವು ಮೂವರು ಹಳೆ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ನಿಂತೆವು. ನಾನು, ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರರು, ಮತ್ತೆ ಕುರುಕ್ಷೇತ್ರದಲ್ಲಿ ಕಾಯಂ ದುರ್ಯೋಧನ ಆಗುವ ಗೌಡರು. ಗೌಡರ ಮೀಸೆ ಅವರ ಸ್ವಂತದ್ದು, ಬಣ್ಣದ ಪೆಟ್ಟಿಗೆಯದ್ದಲ್ಲ. ಅಲ್ಲಿ ಒಂದು ಆಟ ಶುರುವಾಯಿತು. ಹಳೆಯ ನಾಟಕವೊಂದನ್ನು ಈ ಕಾಲಕ್ಕೆ ತಂದು ಯಾರು ಹೆಚ್ಚು ಕೆಡಿಸುತ್ತಾರೆ ನೋಡೋಣ ಅಂತ.

ನಾನು ಹ್ಯಾಮ್ಲೆಟ್ ಎತ್ತಿಕೊಂಡೆ. ಸತ್ತ ಅಪ್ಪನ ದೆವ್ವ ಕೋಟೆಯ ಮೇಲೆ ಬರುವುದಿಲ್ಲ, ನಡುರಾತ್ರಿ ವಾಟ್ಸಾಪಿನಲ್ಲಿ ಏಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತದೆ. ಹ್ಯಾಮ್ಲೆಟ್ ಅದನ್ನು ಡಬಲ್ ಸ್ಪೀಡಿನಲ್ಲಿ ಕೇಳುತ್ತಾನೆ. ಚಿಕ್ಕಪ್ಪ ವಿಷ ಹಾಕಿದ್ದು ತೋಟದ ಸಿಸಿಟಿವಿಯಲ್ಲಿ ಸಿಕ್ಕಿಬಿಡುತ್ತದೆ. ಇರುವುದೋ ಇಲ್ಲದಿರುವುದೋ ಅನ್ನುವ ದೊಡ್ಡ ಮಾತನ್ನು ಅವನು ಸ್ಟೇಟಸ್ಸಿಗೆ ಹಾಕಿ ಜನರಿಂದ ವೋಟ್ ಕೇಳುತ್ತಾನೆ. ಶೇಕಡಾ 62 ಜನ 'ಇರು' ಅನ್ನುತ್ತಾರೆ. ಅವನು ಇರುತ್ತಾನೆ. ಮಂಗಳ.

ಗೌಡರು ತಮ್ಮ ಕುರುಕ್ಷೇತ್ರವನ್ನೇ ಬಲಿ ಕೊಟ್ಟರು. ಕೃಷ್ಣ ಸಂಧಾನಕ್ಕೆ ಹಸ್ತಿನಾವತಿಗೆ ಬರುವುದಿಲ್ಲ, ಪೆಟ್ರೋಲ್ ದುಬಾರಿ. ವಿಡಿಯೊ ಕಾಲ್ ಮಾಡುತ್ತಾನೆ. ಐದು ಊರಾದರೂ ಕೊಡು ಅಂತ ಕೇಳುತ್ತಾನೆ, ದುರ್ಯೋಧನನಿಗೆ ಕೇಳಿಸುವುದಿಲ್ಲ. "ಕೃಷ್ಣಾ, ನಿನ್ ದನಿ ಬರವಲ್ದು, ಮ್ಯೂಟ್ ತಗಿ!" ವಿಶ್ವರೂಪ ತೋರಿಸುವ ಹೊತ್ತಿಗೆ ಸ್ಕ್ರೀನ್ ಶೇರ್ ಆಗುವುದಿಲ್ಲ. ಭೀಷ್ಮರು ಕ್ಯಾಮೆರಾ ಮೇಲೆ ಮಾಡಿಟ್ಟು ಬರೀ ಫ್ಯಾನ್ ತೋರಿಸುತ್ತಿರುತ್ತಾರೆ. ಇಷ್ಟು ಹೇಳಿ ಗೌಡರು ಸ್ವಲ್ಪ ಯೋಚನೆ ಮಾಡಿ, "ಹಂಗಾದ್ರ ಈ ಪಾತ್ರಕ್ಕ ನಾ ಕಟ್ಟಿದ ರೊಕ್ಕ ವಾಪಸ್ ಕೊಡ್ತಾರನು?" ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಹಳ್ಳಿಗಳಲ್ಲಿ ಪಾತ್ರ ಮಾಡುವವನೇ ದುಡ್ಡು ಕಟ್ಟುತ್ತಾನೆ. ಪಾತ್ರ ದೊಡ್ಡದಾದಷ್ಟು ರೊಕ್ಕ ಜಾಸ್ತಿ. ಪ್ರೇಕ್ಷಕರಿಗಿಂತ ಮುಂಚೆ ಟಿಕೆಟ್ ಕೊಳ್ಳುವವನು ನಟ.

ಯಾರಾದರೂ ಬರುತ್ತಾರೆ ಅಂತ ಇಬ್ಬರು ಮರದ ಕೆಳಗೆ ಕಾಯುತ್ತಲೇ ಇರುವ ಆ ಗೋಡೋ ನಾಟಕವನ್ನು ಮಾತ್ರ ಕೆಡಿಸಲಿಕ್ಕೆ ಆಗಲಿಲ್ಲ. ಗೋಡೋ ಲೈವ್ ಲೊಕೇಶನ್ ಕಳಿಸುತ್ತಾನೆ, 'ಎರಡೇ ನಿಮಿಷ' ಅನ್ನುತ್ತಾನೆ ಅಂತ ನಾನು ಸೇರಿಸಿದೆ. ಪೇಟಿ ಮಾಸ್ತರರು ಒಪ್ಪಲಿಲ್ಲ. ಅವರ ಬೀಗರೂರು ರಾಯಚೂರು ಜಿಲ್ಲೆ. ಗಿಣಿಗೇರಾದಿಂದ ಮಹಬೂಬ್‌ನಗರಕ್ಕೆ ರೈಲು ದಾರಿ ಮಂಜೂರಾಗಿದ್ದು 1997-98ರಲ್ಲಿ. ಕಾಲು ಶತಮಾನ ಕಳೆದರೂ ದಾರಿ ಪೂರ್ತಿ ಆಗಲಿಲ್ಲ. "ನಮ್ ಕಡಿ ಮಂದಿಗೆ ಆ ನಾಟಕ ತೋರಿಸಬ್ಯಾಡ್ರಿ," ಅಂದರು, "ಇದ್ರಾಗ ಹೊಸಾದೇನೈತಿ ಅಂತಾರ."

ಆಮೇಲೆ ಶೇಕ್ಸ್‌ಪಿಯರನ ಲಿಯರ್ ರಾಜ ಬಂದ. ಆಟ ಕೆಟ್ಟಿದ್ದು ಅಲ್ಲೇ.

ಕಥೆ ನಿಮಗೆ ಗೊತ್ತು. ಮುದುಕ ರಾಜ ಬದುಕಿದ್ದಾಗಲೇ ರಾಜ್ಯವನ್ನು ಇಬ್ಬರು ದೊಡ್ಡ ಹೆಣ್ಣುಮಕ್ಕಳಿಗೆ ಹಂಚುತ್ತಾನೆ. ನೂರು ಜನ ಆಳುಗಳನ್ನು ಇಟ್ಟುಕೊಂಡು, ಒಂದು ತಿಂಗಳು ಈ ಮಗಳ ಮನೆ, ಒಂದು ತಿಂಗಳು ಆ ಮಗಳ ಮನೆ ಅಂತ ಇರುವುದು ಅವನ ಕರಾರು. ಇಬ್ಬರೂ ಹೊರಗೆ ಹಾಕುತ್ತಾರೆ. ಬಿರುಗಾಳಿಯಲ್ಲಿ ಅಲೆಯುತ್ತಾನೆ. ನಾನು ಹೇಳಿದೆ: ಇದು ಬಹಳ ಸುಲಭ. 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂದಿದೆ. ನೋಡಿಕೊಳ್ಳುತ್ತೇವೆ ಅನ್ನುವ ಕರಾರಿನ ಮೇಲೆ ಆಸ್ತಿ ಬರೆಸಿಕೊಂಡು, ಆಮೇಲೆ ನೋಡಿಕೊಳ್ಳದೇ ಹೋದರೆ, ಆ ಪತ್ರ ರದ್ದು ಮಾಡಿಸಬಹುದು. ಲಿಯರ್ ಹೆಂಗೂ ಕರಾರು ಹಾಕಿದ್ದಾನೆ. ಎರಡನೇ ಅಂಕದಲ್ಲಿ ಅಸಿಸ್ಟೆಂಟ್ ಕಮಿಷನರ್ ಸಾಹೇಬರ ಹತ್ತಿರ ಅರ್ಜಿ ಕೊಡುತ್ತಾನೆ. ಮೂರನೇ ಅಂಕದಲ್ಲಿ ಪಹಣಿ ಅವನ ಹೆಸರಿಗೆ ವಾಪಸ್. ಬಿರುಗಾಳಿ ಸೀನು ಕ್ಯಾನ್ಸಲ್, ಗುಡುಗಿನ ತಗಡಿನ ಬಾಡಿಗೆ ಉಳೀತು.

ಗೌಡರು ನಕ್ಕರು. ಪೇಟಿ ಮಾಸ್ತರರು ನಗಲಿಲ್ಲ. ಚಹಾದ ಗ್ಲಾಸು ತಿರುವುತ್ತಾ, "ಮಗಳ ಮ್ಯಾಲೆ ಕೇಸ್ ಹಾಕ್ತಾನನು ಅಂವ?" ಅಂದರು. ನಾವು ಸುಮ್ಮನಾದೆವು. ಅವರ ಊರಿನಲ್ಲಿ ಒಬ್ಬ ಹಿರಿಯರು ಇದ್ದಾರಂತೆ, ನೀರಾವರಿ ಹೊಲ ಪೂರ್ತಿ ಬರೆದುಕೊಟ್ಟವರು. ಈಗ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮಲಗುತ್ತಾರೆ. ವಕೀಲರೊಬ್ಬರು ಬಂದು ಬಿಟ್ಟಿ ಅರ್ಜಿ ಬರೆದುಕೊಡುತ್ತೇನೆ ಅಂದರೂ ಸಹಿ ಹಾಕಲಿಲ್ಲ. ನಾಲ್ಕು ಮಂದಿಯ ಮುಂದೆ ಮಗಳ ಮರ್ಯಾದೆ ಏನಾಗಬೇಕು ಅಂದರಂತೆ.

ಅಲ್ಲಿದೆ ನೋಡಿ ಈ ಕಾಲದ ಲಿಯರ್. ಕಾಯ್ದೆ ಇದೆ, ಆಫೀಸು ಇದೆ, ಬಸ್ಸೂ ಇದೆ. ಆದರೂ ಅವನು ಹೋಗುವುದಿಲ್ಲ. ಹಳೆಯ ಲಿಯರ್‌ಗೆ ಹೋಗಲು ಜಾಗವಿರಲಿಲ್ಲ, ಈ ಲಿಯರ್‌ಗೆ ಜಾಗವಿದ್ದೂ ಹೋಗಲು ಮನಸ್ಸಿಲ್ಲ. ಇವನ ಬಿರುಗಾಳಿಗೆ ತಗಡು ಬಡಿಯುವುದೇ ಬೇಡ.

ಅವತ್ತು ರಾತ್ರಿ ಮಲಗಿದ ಮೇಲೆ ನನಗೆ ತಲೆಯಲ್ಲಿ ಕೂತಿದ್ದು ಇದು: ನಾಟಕ ಅಂದರೆ ಒಂದು ಗಂಟು. ಆ ಗಂಟು ಯಾವುದರಿಂದ ಕಟ್ಟಿದ್ದು ಅಂತ ನೋಡದೆ ಮೊಬೈಲು, ಜೀಪು, ಸಿಸಿಟಿವಿ ತಂದು ಸುರಿದರೆ ಗಂಟು ಬಿಚ್ಚಿಹೋಗುತ್ತದೆ. ಬಿಚ್ಚಿದ ಹಗ್ಗ ಹಿಡಿದುಕೊಂಡು ನೀವು ಇನ್ನೂ ಎರಡು ಗಂಟೆ ಆಡುತ್ತೀರಿ. ಹ್ಯಾಮ್ಲೆಟ್ ಅಷ್ಟು ತಡ ಮಾಡುವುದಕ್ಕೆ ಒಂದು ಕಾರಣ, ದೆವ್ವ ಹೇಳಿದ್ದು ನಿಜವೋ ಸುಳ್ಳೋ ಅವನಿಗೆ ಗೊತ್ತಿಲ್ಲ. ಅದಕ್ಕೇ ಅವನು ನಾಟಕದೊಳಗೆ ನಾಟಕ ಆಡಿಸಿ ಚಿಕ್ಕಪ್ಪನ ಮುಖ ನೋಡುತ್ತಾನೆ. ಸಿಸಿಟಿವಿ ಇದ್ದ ಮೇಲೆ ಅನುಮಾನ ಎಲ್ಲಿ? ಅನುಮಾನ ಇಲ್ಲದ ಮೇಲೆ ಅದು ಪೊಲೀಸ್ ಠಾಣೆಯ ಕೆಲಸ.

ರೋಮಿಯೊ ಜೂಲಿಯೆಟ್ ಕೂಡ ಹಾಗೇ. ಜೂಲಿಯೆಟ್ ಸತ್ತಿಲ್ಲ, ಮಲಗಿದ್ದಾಳೆ ಅನ್ನುವ ಕಾಗದ ರೋಮಿಯೊಗೆ ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲ? ಕಾಗದ ಒಯ್ಯಬೇಕಾದ ಸನ್ಯಾಸಿಯನ್ನು, ಪ್ಲೇಗು ಅಂಟಿದ ಮನೆಯಲ್ಲಿದ್ದ ಅನ್ನುವ ಅನುಮಾನದ ಮೇಲೆ ಒಳಗೇ ಕೂಡಿಹಾಕಿ ಬಾಗಿಲಿಗೆ ಮುದ್ರೆ ಹಾಕಿಬಿಡುತ್ತಾರೆ. 2020ರಲ್ಲಿ ನಾವೆಲ್ಲ ಮನೆಯೊಳಗೇ ಕೂತು ಬಂದಿದ್ದೇವೆ. ಅಂಥ ಚಿನ್ನದಂಥ ಎಳೆ ಕೈಯಲ್ಲೇ ಇರುವಾಗ, ನಾನು ಕೇಳಿದ ಒಂದು ರೂಪಾಂತರದಲ್ಲಿ ಇಬ್ಬರಿಗೂ ಫೋನು ಕೊಟ್ಟು, ನೀಲಿ ಟಿಕ್ ಬಂದರೂ ಉತ್ತರ ಕೊಡಲಿಲ್ಲ ಅಂತ ಜಗಳ ಆಡಿಸಿದ್ದರಂತೆ.

ಈ ಮುದುಕನಿಗೆ ಹೊಸದು ಅಂದರೆ ಆಗುವುದಿಲ್ಲ ಅಂತ ತಿಳಿಯಬೇಡಿ. ಬಳ್ಳಾರಿಯವನು ಹಾಗೆ ಹೇಳಿದರೆ ಅದು ಅನ್ಯಾಯ. ಬಳ್ಳಾರಿ ರಾಘವರು ವಕೀಲಿಕೆ ಮಾಡುತ್ತಾ ನಾಟಕ ಆಡಿದ ಊರು ಇದು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಅವರು, ಮಾತಿಗೊಂದು ಪದ್ಯ ಹಾಡಿ ಒನ್ಸ್ ಮೋರ್ ಹೊಡೆಸಿಕೊಳ್ಳುತ್ತಿದ್ದ ಕಾಲದಲ್ಲಿ ಸಹಜವಾಗಿ ನಟಿಸಿರಪ್ಪಾ ಅಂದವರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಅಂತ ಹಟ ಹಿಡಿದವರು. ಆಗ ಅದಕ್ಕಿಂತ ಹೊಸದು ಏನಿತ್ತು? ಅವರ ಹೆಸರಿನ ಕಲಾಮಂದಿರದ ಮುಂದೆ ಓಡಾಡುವಾಗ ನನಗೆ ಅನ್ನಿಸುತ್ತದೆ, ಅವರು ಹೊಸದು ಮಾಡಿದ್ದು ನಟನ ಮೈಯಲ್ಲಿ, ನಾಲಿಗೆಯಲ್ಲಿ. ಹಿಂದಿನ ಪರದೆಯಲ್ಲಿ ಅಲ್ಲ.

ಬೇರೆ ನಾಟಕಗಳನ್ನು ನಮ್ಮದಾಗಿ ಮಾಡಿಕೊಳ್ಳುವುದೂ ಕನ್ನಡಕ್ಕೆ ಹೊಸದಲ್ಲ. ಬಿ.ಎಂ.ಶ್ರೀ ಅವರು ಗ್ರೀಕರ ಏಜಾಕ್ಸ್ ಎಂಬ ವೀರನ ಅವಮಾನ, ಹುಚ್ಚು ಎರಡನ್ನೂ ತಂದು ಅಶ್ವತ್ಥಾಮನ ಎದೆಯಲ್ಲಿ ಕೂಡಿಸಿದರು. ಚಿರಂಜೀವಿಯನ್ನೇ ಸಾಯಿಸುವ ಧೈರ್ಯ ಮಾಡಿದರು. ಕುವೆಂಪು ಅವರು ಹ್ಯಾಮ್ಲೆಟ್ಟನ್ನು ಬಿದನೂರಿಗೆ ಕರೆತಂದು 'ರಕ್ತಾಕ್ಷಿ' ಬರೆದರು. ಅಷ್ಟೇ ಯಾಕೆ, ಕಾಳಿದಾಸನೇ ರೂಪಾಂತರ ಮಾಡಿದವನು. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸನ ಶಾಪವೂ ಇಲ್ಲ. ಅಲ್ಲಿ ದುಷ್ಯಂತ ಎಲ್ಲ ಗೊತ್ತಿದ್ದೂ ನೀನು ಯಾರು ಅನ್ನುತ್ತಾನೆ. ಕಾಳಿದಾಸ ಶಾಪ ತಂದ, ಉಂಗುರ ತಂದ, ಮೀನು ತಂದ, ಬೆಸ್ತನನ್ನು ಹಿಡಿದು ಬಡಿಯುವ ಪೊಲೀಸರನ್ನೂ ತಂದ. ಅವನು ಗಂಟು ಹಾಕಿದ. ನೀವು ಬಿಚ್ಚುತ್ತಿದ್ದೀರಿ.

ಕೆಡಿಸುವುದೂ ಹೊಸದಲ್ಲ ಬಿಡಿ, ಅದನ್ನೂ ಒಪ್ಪಬೇಕು. 1681ರಲ್ಲಿ ನೇಹಮ್ ಟೇಟ್ ಅನ್ನುವವನು ಲಿಯರ್ ನಾಟಕವನ್ನು ತಿದ್ದಿ, ಮೂಲದಲ್ಲಿ ಸಾಯುವ ಕಿರಿಯ ಮಗಳು ಕಾರ್ಡೀಲಿಯಾಳನ್ನು ಬದುಕಿಸಿ ಅವಳಿಗೆ ಮದುವೆ ಗೊತ್ತು ಮಾಡಿದ. ವಿದೂಷಕನನ್ನು ತೆಗೆದೇ ಹಾಕಿದ. ಇಂಗ್ಲೆಂಡಿನ ಜನ ನೂರೈವತ್ತು ವರ್ಷ ಅದನ್ನೇ ನೋಡಿದರು! ನಮ್ಮಲ್ಲೂ ರೋಮಿಯೊ ಜೂಲಿಯೆಟ್ ಕಥೆ 'ರಾಮವರ್ಮ ಲೀಲಾವತಿ' ಆಗಿ ಬಂದಾಗ, ಸತ್ತ ಪ್ರೇಮಿಗಳು ಕೊನೆಗೆ ಎದ್ದು ಕುಳಿತರು. ಪ್ರೇಕ್ಷಕರು ಅಳುತ್ತಾ ಮನೆಗೆ ಹೋಗಬಾರದು ಅನ್ನುವ ಕಾಳಜಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಜನಕ್ಕೆ ಹೆದರಿ ಕೆಡಿಸಿದರು. ನೀವು ಜನಕ್ಕೆ ಏನೂ ಗೊತ್ತಿಲ್ಲ ಅಂದುಕೊಂಡು ಕೆಡಿಸುತ್ತೀರಿ.

ಬರೀ ಬೈಯುತ್ತಾ ಹೋದರೆ ಏನು ಬಂತು. ಎರಡು ನಾಟಕ ಪುಕ್ಕಟೆ ಕೊಡುತ್ತೇನೆ, ಯಾರಾದರೂ ಮಾಡಿ.

ಒಂದು ಈಡಿಪಸ್. ಡಿಎನ್‌ಎ ಪರೀಕ್ಷೆ ಇರುವ ಕಾಲದಲ್ಲಿ ತಾನು ಯಾರ ಮಗ ಅಂತ ಗೊತ್ತಿಲ್ಲದ ರಾಜ ಹೇಗೆ ಸಾಧ್ಯ ಅನ್ನುತ್ತೀರಿ. ನಮ್ಮ ಕಡೆಗೆ ಬನ್ನಿ. ನಮ್ಮ ಓಣಿಯಲ್ಲಿ ವಯಸ್ಸಾದವರ ಆಧಾರ್ ಕಾರ್ಡು ಕೇಳಿ ನೋಡಿ. ಇವರೂ ಹುಟ್ಟಿದ್ದು ಜನವರಿ 1, ಅವರೂ ಜನವರಿ 1. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದದ್ದಾದರೆ ಜೂನ್ 1. ಕಾಗದದಲ್ಲಿ ಎಲ್ಲ ಇದೆ, ಕಾಗದದಲ್ಲಿರುವುದು ಯಾವುದೂ ನಿಜವಲ್ಲ. ಈಡಿಪಸ್ ಎಲ್ಲ ದಾಖಲೆ ತರಿಸುತ್ತಾನೆ, ಎಲ್ಲ ಸೀಲು ಸಹಿ ಸಮೇತ ಸರಿಯಾಗೇ ಇರುತ್ತವೆ. ಸತ್ಯ ಇರುವುದು ಒಬ್ಬ ಕುರಿಗಾಹಿಯ ಬಾಯಲ್ಲಿ. ಆ ಕುರಿಗಾಹಿಯನ್ನು ಗ್ರೀಸಿನಿಂದ ತರಬೇಕಾಗಿಲ್ಲ. ಕುಷ್ಟಗಿ ಕಡೆ ಕಂಬಳಿ ಹೊದ್ದು ನಿಂತಿರುತ್ತಾನೆ.

ಇನ್ನೊಂದು ಮ್ಯಾಕ್‌ಬೆತ್. ಬರ್ನಮ್ ಕಾಡು ನಡೆದು ನಿನ್ನ ಗುಡ್ಡಕ್ಕೆ ಬರುವ ತನಕ ನಿನಗೆ ಸೋಲಿಲ್ಲ ಅಂತ ಅವನಿಗೆ ಭವಿಷ್ಯ ಸಿಗುತ್ತದೆ. ಅವನು ನಗುತ್ತಾನೆ, ಮರಗಳಿಗೆ ಬೇರು ಕೀಳು ಅಂತ ಹೇಳುವವರು ಯಾರು ಅಂತ. ಸಂಡೂರಿನಲ್ಲಿ ನಿಂತು ಈ ಮಾತು ಹೇಳಿಸಿ ನೋಡಿ. ಮರ ಇರಲಿ, ನಾವು ಗುಡ್ಡ ನಡೆದದ್ದನ್ನು ನೋಡಿದ್ದೇವೆ. ಲಾರಿಗಳಲ್ಲಿ ಕುಳಿತು, ಸಾಲು ಸಾಲಾಗಿ, ಹೊಸಪೇಟೆಯ ರಸ್ತೆ ತುಂಬ ಕೆಂಪು ಧೂಳು ಎಬ್ಬಿಸುತ್ತಾ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿ ಅನ್ನುವ ತನಕ ರಸ್ತೆ ಬದಿಯ ಬೇವಿನ ಮರಕ್ಕೂ ಬಣ್ಣ ಕೆಂಪೇ ಇತ್ತು. ಈ ನಾಟಕದಲ್ಲಿ ಯಾರಿಗೂ ಕೋಟು ಹಾಕಿಸಬೇಡಿ, ಯಾರ ಕೈಗೂ ಫೋನು ಕೊಡಬೇಡಿ. ರಂಗದ ಮೇಲೆ ಒಂದು ಬುಟ್ಟಿ ಕೆಂಪು ಮಣ್ಣು ಸುರಿದು ಬಿಡಿ. ಮೊದಲ ಸಾಲಿನವರು ಕೆಮ್ಮಿದರೆ ಅರ್ಧ ನಾಟಕ ಗೆದ್ದಂತೆ.

ಈಗ ಸಮಿತಿಯ ಮಾನ್ಯ ಸದಸ್ಯರಲ್ಲಿ ನನ್ನ ಅರಿಕೆ. ಮುಂದಿನ ಸಲ ಯಾರಾದರೂ ಲ್ಯಾಪ್‌ಟಾಪ್ ತೆಗೆದು, ಇದು ಇಂದಿನ ಯುವಜನರ ಶಾಕುಂತಲ ಸರ್ ಅಂದರೆ, ಎಲ್‌ಇಡಿ ಎಷ್ಟು ಅಡಿ ಅಂತ ಕೇಳಬೇಡಿ. ಆ ಅಜ್ಜಿ ಕೇಳಿದ್ದನ್ನು ಕೇಳಿ: ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತಲ್ಲ? ಉತ್ತರ ಹೇಳಲು ತಡವರಿಸಿದರೆ ಚಹಾ ಕುಡಿಸಿ ಕಳಿಸಿ. ಉತ್ತರ ಇದ್ದವರನ್ನು ಒಂದು ರಾತ್ರಿ ನಮ್ಮ ಯಾವುದಾದರೂ ಹಳ್ಳಿಗೆ ಕಳಿಸಿ. ಒಂದು ಮೈಕು, ಎರಡು ಫೋಕಸ್ ಲೈಟು, ನಡುವೆ ಕರೆಂಟು ಹೋಗುವ ಭರವಸೆ, ಇಷ್ಟು ನಾವು ಕೊಡುತ್ತೇವೆ. ಬಳ್ಳಾರಿಯ ನಟಿ ಸುಭದ್ರಮ್ಮ ಮನ್ಸೂರು ಅವರು ದ್ರೌಪದಿಯಾಗಿ ನಿಂತರೆ ಹಿಂದಿನ ಪರದೆ ಅರಮನೆಯದೋ ಕಾಡಿನದೋ ಅಂತ ಯಾರು ನೋಡುತ್ತಿದ್ದರು? ಕರೆಂಟು ಹೋದ ಮೇಲೂ ಜನ ಎದ್ದು ಹೋಗದೆ ಕುಳಿತಿದ್ದರೆ, ಅಂಥವರಿಗೆ ದುಡ್ಡು ಕೊಡಿ, ಕೇಳಿದ್ದಕ್ಕಿಂತ ಜಾಸ್ತಿಯೇ ಕೊಡಿ. ಹೆಣ್ಣುಮಕ್ಕಳು ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದರೋ, ಅಲ್ಲಿಗೆ ಮುಗಿಯಿತು.

ಆಯ್ಕೆ ಸಮಿತಿಯಲ್ಲಿ ಪ್ರೊಫೆಸರು ಇರುತ್ತಾರೆ, ಅಧಿಕಾರಿಗಳು ಇರುತ್ತಾರೆ. ಒಬ್ಬ ಪ್ರಾಂಪ್ಟರನ್ನೂ ಕೂರಿಸಿಕೊಳ್ಳಿ. ನನ್ನನ್ನೇ ಅಂತಲ್ಲ, ಯಾರನ್ನಾದರೂ. ಎಲ್ಲಿ ಮಾತು ತಪ್ಪುತ್ತದೆ ಅಂತ ಕಾಯುತ್ತಾ ಜೀವಮಾನ ಕಳೆದವರು ನಾವು. ಸಂಭಾವನೆ ಬೇಡ. ಹೋಗಿ ಬರುವ ಬಸ್ ಚಾರ್ಜು ಕೊಟ್ಟರೆ ಬೇಡ ಅನ್ನುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ವಿಂಗಿನಲ್ಲಿ ಕುಳಿತವನು, ಬಳ್ಳಾರಿ

ಮರೆತಿದ್ದೆ. ಆ ಥರ್ಮೋಕೋಲಿನ ಮೀನು ರಂಗಮಂದಿರದ ಹಿಂದಿನ ಗೋಡೆಗೆ ಒರಗಿಸಿದ್ದು ಹಾಗೇ ಇದೆ. ಒಳಗಿನ ಮೊಬೈಲನ್ನು ತೆಗೆದುಕೊಳ್ಳದೆ ತಂಡದವರು ಊರಿಗೆ ಹೋಗಿದ್ದಾರೆ. ಅದು ಇನ್ನೂ ರಿಂಗಾಗುತ್ತಿದೆ ಅಂತ ಕಾವಲುಗಾರ ನಿನ್ನೆ ಹೇಳಿದ. ಮೀನು ಹರಿಯಲಿಕ್ಕೆ ಅವನಿಗೆ ಧೈರ್ಯ ಇಲ್ಲ, ಸರ್ಕಾರಿ ಸಾಮಾನು ಅಂದುಕೊಂಡಿದ್ದಾನೆ. ಯಾರದ್ದೋ ಬಂದು ಒಯ್ಯಿರಿ.